ಹಾಳೆಯಿಂದ ದಫ್ತರಕ್ಕೆ

ಬಹುಕಾಲ ಬಳಸಿದ ಉಪಕರಣ ಕೈಗೆ ಆರನೆಯ ಬೆರಳಾಗಿಬಿಡುತ್ತದೆ. ಅದು ಬದಲಾದರೆ ಕಲಿತ ವಿದ್ಯೆಯೇ ನಮ್ಮನ್ನು ತೊರೆದು ಹೋದಂತೆ ಭಾಸವಾಗುವುದು ಸಹಜ. ಗಣಕಯಂತ್ರದಲ್ಲಿ ಭೂಪಟ ರಚಿಸುವವರಿಗೆ ಈಚಿನ ವರ್ಷಗಳಲ್ಲಿ ಒದಗಿದ ಅನುಭವ ಇಂಥದೇ.

ಅಮೆರಿಕದ ರೆಡ್‌ಲ್ಯಾಂಡ್ಸ್ ಪಟ್ಟಣದಲ್ಲಿ 1969ರಲ್ಲಿ ಹುಟ್ಟಿದ ಎಸ್ರಿ ಸಂಸ್ಥೆಯ ‘ಆರ್ಕ್‌ಮ್ಯಾಪ್’ ಎಂಬ ತಂತ್ರಾಂಶದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಅಸಂಖ್ಯ ಭೂಪಟಗಳು ರೂಪುಗೊಂಡವು. ಅಲ್ಲಿ ಒಂದು ಕಡತಕ್ಕೆ ಒಂದೇ ಮುದ್ರಣದ ಹಾಳೆ. ದತ್ತಾಂಶವನ್ನು ಅಣಿಗೊಳಿಸಲು ಒಂದು ಕಿಟಕಿ, ಮೂರು ಆಯಾಮದ ದೃಶ್ಯಕ್ಕೆ ಇನ್ನೊಂದು. 2015ರಲ್ಲಿ ಅದೇ ಸಂಸ್ಥೆ ‘ಆರ್ಕ್‌ಜಿಐಎಸ್ ಪ್ರೊ’ವನ್ನು ಹೊರತಂದಿತು, ಹಳೆಯದಕ್ಕೆ ನೀಡುವ ನೆರವಿನ ಕೊನೆಯ ದಿನವನ್ನು 2026ರ ಮಾರ್ಚ್ 1 ಎಂದು ಗೊತ್ತುಮಾಡಿತು.

ಹೊಸದರಲ್ಲಿ ಪರಿಚಿತ ಗುಂಡಿಗಳ ಸಾಲು ಕಾಣುವುದಿಲ್ಲ. ಕೈಗೊಂಡ ಕೆಲಸಕ್ಕೆ ತಕ್ಕಂತೆ ಮೇಲಿನ ಪಟ್ಟಿಯೇ ಬದಲಾಗುತ್ತದೆ. ಆದರೆ ಇದು ಹೊರರೂಪದ ಮಾತಾಯಿತು. ನಿಜವಾದ ಬದಲಾವಣೆ ಬೇರೆ. ಹಿಂದೆ ನಮ್ಮ ಕೆಲಸದ ಘಟಕ ಹಾಳೆ. ಈಗ ‘ಪ್ರಾಜೆಕ್ಟ್’, ಎಂದರೆ ಒಂದು ದಫ್ತರ. ಒಂದು ನದೀಕಣಿವೆಯನ್ನು ಕುರಿತ ಹಲವು ಭೂಪಟಗಳು, ಬೆಟ್ಟಗಳ ಉಬ್ಬು ದೃಶ್ಯ, ಅಚ್ಚಿಗೆ ಹೋಗುವ ಅನೇಕ ಹಾಳೆಗಳು, ಬಳಸುವ ಸಲಕರಣೆ, ಎಲ್ಲವೂ ಒಂದೇ ಕಡೆ. ಹಾಗಾಗಿ ಮೊದಲ ಪ್ರಶ್ನೆ ‘ಯಾವ ಭೂಪಟ?’ ಎಂದಲ್ಲ, ‘ಯಾವ ಕಾರ್ಯ?’ ಎಂದು.

ಇಲ್ಲಿಯೇ ಎಡವುವ ಅಪಾಯ. ದಫ್ತರವೆಂದೊಡನೆ ಎಲ್ಲ ಕಾಗದಪತ್ರಗಳೂ ಅದರೊಳಗಿವೆಯೆಂದು ನಂಬುತ್ತೇವೆ. ವಾಸ್ತವವಾಗಿ ಪ್ರಾಜೆಕ್ಟಿನ ಕಡತ ಗ್ರಂಥಾಲಯದ ಸೂಚಿಯಂತೆ: ಅದರಲ್ಲಿರುವುದು ವಿಳಾಸ, ಪುಸ್ತಕವಲ್ಲ. ಕಡತವೊಂದನ್ನೇ ಇನ್ನೊಬ್ಬರಿಗೆ ಕಳುಹಿಸಿದರೆ, ಪದರಗಳ ಪಕ್ಕದಲ್ಲಿ ಕೆಂಪು ಉದ್ಗಾರ ಚಿಹ್ನೆಗಳು ಮಾತ್ರ ಅವರನ್ನು ಎದುರುಗೊಂಡಾವು. ಇನ್ನೊಂದು ಎಚ್ಚರಿಕೆ: ಹಳೆಯದರಲ್ಲಿ ತಿದ್ದುಪಡಿಗೆ ಮುನ್ನ ‘ಆರಂಭ’ವೆಂದು ಆಜ್ಞಾಪಿಸಬೇಕಿತ್ತು, ಹೊಸದರಲ್ಲಿ, ಬೇರೆ ಏರ್ಪಾಡು ಮಾಡದಿದ್ದರೆ, ಕೈಯಿಟ್ಟೊಡನೆ ತಿದ್ದುಪಡಿ ಮೊದಲಾಗುತ್ತದೆ. ಪ್ರಾಜೆಕ್ಟನ್ನು ಉಳಿಸಿದ ಮಾತ್ರಕ್ಕೆ ಆ ತಿದ್ದುಪಡಿ ಉಳಿಯದು. ಅದನ್ನು ಬೇರೆಯಾಗಿಯೇ ಉಳಿಸಬೇಕು. ಇದನ್ನರಿಯದವರ ಒಂದು ದಿನದ ಶ್ರಮ ಕ್ಷಣದಲ್ಲಿ ವ್ಯರ್ಥವಾದೀತು.

ಹಳೆಯ ಕಡತಗಳನ್ನು ಹೊಸದರೊಳಗೆ ಬರಮಾಡಿಕೊಳ್ಳಬಹುದು, ಮೂಲಕ್ಕೆ ಕುಂದಿಲ್ಲ. ಆದರೆ ಹೊಸದರಿಂದ ಹಳೆಯದಕ್ಕೆ ಮರಳುವ ದಾರಿಯಿಲ್ಲ. ಆದ್ದರಿಂದ ಜಾಣತನದ ಕ್ರಮವಿಷ್ಟೆ: ಪ್ರತಿ ಕಾರ್ಯಕ್ಕೂ ಒಂದು ಕೋಶ, ಅದರಲ್ಲಿಯೇ ದತ್ತಾಂಶ, ಸಣ್ಣದೊಂದು ಭೂಪಟದಿಂದ ಅಭ್ಯಾಸ. ಎಲ್ಲವನ್ನೂ ಒಮ್ಮೆಗೇ ಸಾಗಿಸುವ ಆತುರ ಬೇಡ.

ಗುಂಡಿಗಳ ಸ್ಥಾನವನ್ನು ಬೆರಳು ಮರೆಯಬೇಕಾದೀತು, ನಿಜ. ಆದರೆ ಯಾವ ಅಳತೆಗೆ ಯಾವ ಗೆರೆ ಒಪ್ಪುತ್ತದೆ, ಯಾವ ಹೆಸರು ಎಲ್ಲಿ ನಿಂತರೆ ಓದುಗನಿಗೆ ದಾರಿ ತಿಳಿಯುತ್ತದೆ ಎಂಬ ವಿವೇಕ ಯಾವ ಯಂತ್ರದೊಳಗೂ ಇರಲಿಲ್ಲ. ಅದು ಭೂಪಟಕಾರನ ಜೊತೆಯಲ್ಲಿಯೇ ಹೊಸ ಮನೆಗೆ ಬರುತ್ತದೆ.