ರಾಮನವಮಿಯ ರಸಾಯನ

ಕಾವೇರಿಯ ನೀರುಂಡ ಶ್ರೀರಂಗಪಟ್ಟಣ, ಪಾಂಡವಪುರಗಳ ಕಬ್ಬಿನ ಗದ್ದೆಗಳಿಂದ ಹಿಡಿದು ಹೇಮಾವತಿಯ ಕೃಷ್ಣರಾಜಪೇಟೆ, ರಾಗಿಹೊಲಗಳ ನಾಗಮಂಗಲದವರೆಗೆ, ಚೈತ್ರಮಾಸದ ಶ್ರೀರಾಮನವಮಿಯಂದು ಪಾನಕ, ಕೋಸಂಬರಿಗಳೊಡನೆ ಬಾಳೆಯೆಲೆಯನ್ನು ಅಲಂಕರಿಸುವ ಹಣ್ಣಿನ ರಸಾಯನವು, ಅಗ್ನಿಸಂಪರ್ಕವಿಲ್ಲದೆಯೇ ಸಿದ್ಧವಾಗುವ ಪರಮ ಸಾತ್ತ್ವಿಕ ಭಕ್ಷ್ಯವೆಂದು ನನ್ನ ದೃಢವಾದ ಅಭಿಪ್ರಾಯ. ಮಾಗಿದ ಬಾಳೆಯ ಹಣ್ಣನ್ನು ಬಿಲ್ಲೆಗಳಾಗಿ ಕೊಯ್ದು, ಪುಡಿಮಾಡಿದ ಬೆಲ್ಲವನ್ನು ಬೆರೆಸಿ ಕೆಲಹೊತ್ತು ಬಿಟ್ಟರೆ, ಬೆಲ್ಲವು ಹಣ್ಣಿನೊಳಗಣ ಜಲಾಂಶವನ್ನು ಹೊರಸೆಳೆದುಕೊಂಡು ತಾನೇ ಪಾಕವಾಗುತ್ತದೆ. ಆಮೇಲೆ ತೆಂಗಿನ ತುರಿ, ಏಲಕ್ಕಿ, ಜೇನು.

ಇದನ್ನೇ ಘನರೂಪದಲ್ಲಿ ಕಾಣಬಯಸುವವರು, ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಟಿನ್ನಿಗೆ ಬದಲಾಗಿ, ಕಡಲ ಪಾಚಿಯಿಂದಾದ ಚೈನಾಗ್ರಾಸನ್ನು ಕುದಿಸಿ ಕರಗಿಸಿ ಹಣ್ಣಿನ ಮೇಲೆರೆಯಬಹುದು. ಸುಮಾರು 35ರಿಂದ 40 ಡಿಗ್ರಿಗೆ ತಣಿಯುವಷ್ಟರಲ್ಲಿ ಅದು ಹೆಪ್ಪುಗಟ್ಟುವುದರಿಂದ ಶೀತಕಪೆಟ್ಟಿಗೆಯ ಹಂಗಿಲ್ಲ. ಜೆಲಟಿನ್ನನ್ನು ಹೆಪ್ಪುಗಟ್ಟಗೊಡದ ಹಸಿ ಅನಾನಸು ಕೂಡ ಇದನ್ನು ಕೆಡಿಸದು.