ಕುದುರೆ ಮೇಯ್ದು ಉಳಿಸಿದ ಕಾಡು

ಇಂಗ್ಲೆಂಡಿನ ದಕ್ಷಿಣಕ್ಕೆ, ಹ್ಯಾಂಪ್‌ಷೈರ್ ಸೀಮೆಯಲ್ಲಿ ಲಿಂಡ್‌ಹರ್ಸ್ಟ್ ಎಂಬ ಪುಟ್ಟ ಪೇಟೆಯಿದೆ. ಅಲ್ಲಿನ ಹಳೆಯ ರಾಜಭವನಕ್ಕೆ ಸೇರಿದ ಹಜಾರದಲ್ಲಿ ಹೆಚ್ಚೂಕಡಿಮೆ ಪ್ರತಿ ತಿಂಗಳೂ ಒಂದು ಕೋರ್ಟು ಕೂರುತ್ತದೆ. ಅದರ ಮುಂದೆ ಬರುವ ಅಹವಾಲುಗಳು ಕುದುರೆ, ದನ, ಹಂದಿ, ಹುಲ್ಲು, ಹಳ್ಳ, ರಸ್ತೆಗಳಿಗೆ ಸಂಬಂಧಿಸಿದವು. ಊರಿನ ಯಾರು ಬೇಕಾದರೂ ಎದ್ದು ನಿಂತು ತಮ್ಮ ಮಾತು ಹೇಳಬಹುದು. ಕೇಳುವವರು ಹತ್ತು ಮಂದಿ. ಅವರಿಗೆ ವೆರ್ಡರರ್‌ಗಳೆಂದು ಹೆಸರು. ಮುಖ್ಯ ವೆರ್ಡರರ್ ರಾಜನ ಹೆಸರಿನಲ್ಲಿ ನೇಮಕವಾಗುತ್ತಾರೆ, ನಾಲ್ವರನ್ನು ಸರ್ಕಾರಿ ಸಂಸ್ಥೆಗಳು ಕಳಿಸುತ್ತವೆ. ಉಳಿದ ಐವರನ್ನು ಆರಿಸುವವರು ಈ ಕಾಡಿನಲ್ಲಿ ಜಾನುವಾರು ಮೇಯಿಸುವ ಹಕ್ಕುಳ್ಳ ಜನ. ಈ ಕೋರ್ಟಿನಲ್ಲಿ ಅರ್ಧ ಪಾಲು ಮೇಯಿಸುವವರದೇ ಎಂಬುದನ್ನು ನಾವು ಗಮನಿಸಬೇಕು.

ಈ ಕಾಡಿನ ಹೆಸರು ನ್ಯೂ ಫಾರೆಸ್ಟ್. ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ದೊರೆ ವಿಲಿಯಂ 1079ರಲ್ಲಿ ಇದನ್ನು ತನ್ನ ಬೇಟೆಗೆಂದು ಮೀಸಲಿಟ್ಟ. ಜಿಂಕೆ ಮುಟ್ಟಿದವರಿಗೆ ಕಠಿಣ ಶಿಕ್ಷೆ. ಅವುಗಳ ಓಡಾಟಕ್ಕೆ ಅಡ್ಡಿಯಾಗುತ್ತದೆಂದು ರೈತರು ಹೊಲಕ್ಕೆ ಬೇಲಿ ಹಾಕುವಂತಿರಲಿಲ್ಲ. ಬೇಲಿ ಕಳೆದುಕೊಂಡ ಜನಕ್ಕೆ ಉಳಿದದ್ದು ತಮ್ಮ ದನಕರುಗಳನ್ನು ಕಾಡಿಗೆ ಬಿಡುವ ರೂಢಿ. 1217ರಲ್ಲಿ ಹೊರಬಂದ ಅರಣ್ಯ ಸನದು ಇಂಥ ರೂಢಿಗಳಿಗೆ ಕಾನೂನಿನ ಬಲ ಕೊಟ್ಟಿತು. ವಿಲಿಯಂನ ಮಗ, ಎರಡನೆಯ ವಿಲಿಯಂ 1100ರಲ್ಲಿ ಬೇಟೆಯಾಡುತ್ತ ಬಾಣ ತಗುಲಿ ಸತ್ತದ್ದೂ ಇದೇ ಕಾಡಿನಲ್ಲಿ. ಅವನಿಗೆ ರೂಫಸ್ ಎಂಬ ಅಡ್ಡಹೆಸರಿತ್ತು. ಕೋರ್ಟಿನ ಗೋಡೆಯಲ್ಲಿ ಅವನ ಹೆಸರಿನ ಒಂದು ದೊಡ್ಡ ರಿಕಾಪು, ಅಂದರೆ ಕುದುರೆಸವಾರ ಕಾಲಿಡುವ ಬಳೆ, ತೂಗುತ್ತದೆ. ಅದರೊಳಗೆ ತೂರದಷ್ಟು ದೊಡ್ಡ ನಾಯಿಗಳು ಜಿಂಕೆ ಅಟ್ಟದಂತೆ ಅವುಗಳ ಮುಂಗಾಲಿನ ಉಗುರು ಕತ್ತರಿಸುತ್ತಿದ್ದರು ಎಂದು ಅಲ್ಲಿನ ಜನ ಹೇಳುತ್ತಾರೆ. ರಿಕಾಪು ರೂಫಸನ ಕಾಲಕ್ಕಿಂತ ಎಷ್ಟೋ ಈಚಿನದು ಎಂಬುದು ವಿದ್ವಾಂಸರ ಅಭಿಪ್ರಾಯ.

ಮೇಯಿಸುವ ಹಕ್ಕು ವ್ಯಕ್ತಿಗೆ ಸೇರಿದ್ದಲ್ಲ, ಮನೆಗೆ ಅಥವಾ ಜಮೀನಿಗೆ ಸೇರಿದ್ದು. ಮಲೆನಾಡಿನ ಅಡಿಕೆ ತೋಟದ ಬೆನ್ನಿಗೆ ಸೊಪ್ಪಿನಬೆಟ್ಟ ಬರುವಂತೆ, ಅಲ್ಲಿ ಹಕ್ಕುಳ್ಳ ಮನೆ ಕೊಂಡವರಿಗೆ ಅದರ ಜೊತೆಗೇ ಕಾಡಿನ ಹಕ್ಕು ಬರುತ್ತದೆ. ಇಂಥ ಮನೆಯವರನ್ನು ಕಾಮನರ್‌ಗಳೆಂದು ಕರೆಯುತ್ತಾರೆ. ಸೌದೆ ತರುವ, ಉರುವಲಿಗೆ ಜವುಗು ಮಣ್ಣಿನ ಹೆಂಟೆ ಕಡಿಯುವ ಹಕ್ಕುಗಳೂ ಇದ್ದವು. ಅವುಗಳ ಬಳಕೆ ಈಗ ತೀರಾ ಕಡಿಮೆ ಅಥವಾ ನಿಂತೇ ಹೋಗಿದೆ. ಮೇವಿನ ಹಕ್ಕು ಮಾತ್ರ ಗಟ್ಟಿಯಾಗಿ ಉಳಿದಿದೆ.

ಇವತ್ತು ಸುಮಾರು ಐದು ಸಾವಿರ ಪೋನಿಗಳು (ಗಿಡ್ಡ ಕುದುರೆಗಳು), ಸಾವಿರಾರು ದನಗಳು, ಜೊತೆಗೆ ಒಂದಷ್ಟು ಕತ್ತೆಗಳು ಹಗಲು ರಾತ್ರಿ ಈ ಕಾಡಿನಲ್ಲೇ ಇರುತ್ತವೆ. ಕಾಡುಕುದುರೆಗಳ ಹಾಗೆ ಕಂಡರೂ ಪ್ರತಿಯೊಂದಕ್ಕೂ ಒಡೆಯರಿದ್ದಾರೆ, ಮೈಮೇಲೆ ಬರೆ ಹಾಕಿದ ಗುರುತಿದೆ. ಇವುಗಳ ಮೇಲೆ ಕಣ್ಣಿಡಲು ವೆರ್ಡರರ್‌ಗಳು ನೇಮಿಸಿದ ಸಿಬ್ಬಂದಿಯೇ ಆಜಿಸ್ಟರ್‌ಗಳು. ಯಾವ ಹೆಣ್ಣುಕುದುರೆ ಯಾವ ಬಯಲಿನಲ್ಲಿ ಮೇಯುತ್ತದೆ, ಯಾವುದು ಬಡವಾಗಿದೆ, ಯಾವುದು ಜವುಗಿನಲ್ಲಿ ಸಿಕ್ಕಿಕೊಂಡಿದೆ ಎಂಬುದೆಲ್ಲ ಇವರಿಗೆ ತಿಳಿದಿರಬೇಕು. ಬೇಸಿಗೆಯ ಕೊನೆಯಿಂದ ಚಳಿಗಾಲದ ಹೊಸ್ತಿಲಿನವರೆಗೆ ಒಂದೊಂದು ಭಾಗದ ಪೋನಿಗಳನ್ನು ಕುದುರೆಸವಾರರು ಅಟ್ಟಿಕೊಂಡು ಬಂದು ದೊಡ್ಡಿಗೆ ಕೂಡುತ್ತಾರೆ. ಇಕ್ಕಟ್ಟಾದ ಓಣಿಯಲ್ಲಿ ಕುದುರೆ ನಿಂತಾಗ ಆಜಿಸ್ಟರ್ ಹಿಂದಿನಿಂದ ಬಾಲ ಹಿಡಿದು ಅದರ ಕೂದಲನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತಾರೆ. ಒಬ್ಬೊಬ್ಬ ಆಜಿಸ್ಟರ್‌ಗೆ ಒಂದೊಂದು ಬಗೆಯ ಕತ್ತರಿಕೆ. ಒಡೆಯ ಆ ವರ್ಷದ ಶುಲ್ಕ ಕಟ್ಟಿದ್ದಾನೆ, ಕುದುರೆ ಇಂಥವರ ಸರಹದ್ದಿಗೆ ಸೇರಿದ್ದು ಎಂಬ ಎರಡು ಸಂಗತಿಯನ್ನೂ ದೂರದಿಂದಲೇ ಬಾಲ ನೋಡಿ ಓದಬಹುದು. ರಶೀದಿಯನ್ನು ಪ್ರಾಣಿಯ ಮೈಮೇಲೆಯೇ ಬರೆದಿಡುವ ಇಷ್ಟು ಸರಳವಾದ ಲೆಕ್ಕಪತ್ರ ಬೇರೆಲ್ಲೂ ಇರಲಾರದು.

ಗಂಡುಕುದುರೆಗಳನ್ನು ಮಾತ್ರ ವರ್ಷಪೂರ್ತಿ ಬಿಡುವುದಿಲ್ಲ. ತಳಿ ನೋಡಿ ಆರಿಸಿದ ಕೆಲವನ್ನು ವಸಂತದ ಕೊನೆಗೆ ಕೆಲವೇ ವಾರ ಹೊರಗೆ ಬಿಡುತ್ತಾರೆ. ಹನ್ನೊಂದು ತಿಂಗಳ ಗರ್ಭ ಕಳೆದು ಮರಿ ಹುಟ್ಟುವಾಗ ಹೊಸ ಹುಲ್ಲು ಚಿಗುರಿರಬೇಕು, ಮಾರುಕಟ್ಟೆಗೆ ಮೀರಿ ಮರಿಗಳೂ ಹುಟ್ಟಬಾರದು ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಶರತ್ಕಾಲದಲ್ಲಿ ಹಂದಿಗಳ ಸರದಿ. ಓಕ್ ಮರಗಳಿಂದ ಉದುರುವ ಹಸಿರು ಕಾಯಿಗಳನ್ನು ಪೋನಿಗಳೂ ದನಗಳೂ ಹೆಚ್ಚು ತಿಂದರೆ ವಿಷವೇರಿ ಸಾಯುತ್ತವೆ. ಹಂದಿಗಳಿಗೆ ಅವು ಮೃಷ್ಟಾನ್ನ. ಹಾಗಾಗಿ ಪ್ರತಿವರ್ಷ ಕನಿಷ್ಠ 60 ದಿನ, ಕಾಯಿ ಜಾಸ್ತಿ ಬಿದ್ದ ವರ್ಷ ಇನ್ನೂ ಹೆಚ್ಚು ದಿನ, ಕಾಮನರ್‌ಗಳು ಹಂದಿಗಳನ್ನು ಕಾಡಿಗೆ ಬಿಡುತ್ತಾರೆ. ಪ್ಯಾನೇಜ್ ಎಂದು ಕರೆಯುವ ಈ ಪದ್ಧತಿಗೆ ಒಂದು ಕಟ್ಟುಪಾಡಿದೆ. ಕಾಯಿ ಹೆಕ್ಕಿ ತಿನ್ನಲು ಅಡ್ಡಿಯಾಗದ ಹಾಗೆ, ಆದರೆ ನೆಲ ಅಗೆಯಲು ಹೋದರೆ ನೋಯುವ ಹಾಗೆ, ಹಂದಿಯ ಮೂತಿಗೆ ಲೋಹದ ಬಳೆ ಹಾಕಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಸಾವಿರಗಳ ಲೆಕ್ಕದಲ್ಲಿದ್ದ ಹಂದಿಗಳು ಈಗ ಕೆಲವು ನೂರಕ್ಕೆ ಇಳಿದಿವೆ.

ಇಷ್ಟೊಂದು ಬಾಯಿಗಳು ಸಾವಿರ ವರ್ಷ ಮೇಯ್ದ ಮೇಲೆ ಕಾಡಿನಲ್ಲಿ ಏನು ಉಳಿದೀತು? ಪಶ್ಚಿಮ ಯೂರೋಪಿನ ತಗ್ಗುನಾಡಿನಲ್ಲಿ ಬೇರೆಡೆ ಅಳಿದುಹೋದ ಎಷ್ಟೋ ಜೀವಗಳು ಉಳಿದಿರುವುದು ಇಲ್ಲೇ. ಹೊಳೆಯ ಅಂಚಿನ ಹುಲ್ಲನ್ನು ಪೋನಿಗಳು ನೆಲಕ್ಕೆ ಅಂಟುವಷ್ಟು ಕಚ್ಚುತ್ತವೆ. ಎತ್ತರದ ಹುಲ್ಲಿನ ನೆರಳಲ್ಲಿ ಬದುಕಲಾರದ ಪುಟಾಣಿ ಗಿಡಗಳಿಗೆ ಅಲ್ಲಿ ಬಿಸಿಲು ಸಿಗುತ್ತದೆ. ಗೊರಸು ತುಳಿದ ಕೆಸರುಗುಂಡಿಗಳು ಬೇಸಿಗೆಯಲ್ಲಿ ಒಣಗಿ ಮಳೆಗೆ ಮತ್ತೆ ತುಂಬುತ್ತವೆ. ಅಂಥ ನೀರನ್ನೇ ನೆಚ್ಚಿದ ಸೀಗಡಿಯ ಜಾತಿಯ ಕಿರುಜೀವಿಗಳಿವೆ. ರಾಸಾಯನಿಕ ಔಷಧಿಯ ಸೋಂಕು ಕಡಿಮೆಯಿರುವ ಲದ್ದಿ, ಸಗಣಿ ವರ್ಷವಿಡೀ ಸಿಗುವುದರಿಂದ ಸಗಣಿ ಹುಳುಗಳ ದೊಡ್ಡ ಬಳಗವೇ ಇದೆ, ಅವನ್ನು ಹಿಡಿದು ತಿನ್ನುವ ನೊಣಗಳೂ ಬಾವಲಿಗಳೂ ಇವೆ. ಬ್ರಿಟನ್ನಿನ ಕಾಡು ಗ್ಲಾಡಿಯೋಲಸ್ ಹೂ ಅರಳುವುದು ಈ ಸೀಮೆಯ ಬ್ರಾಕನ್ ಜರಿಗಿಡಗಳ ನಡುವೆ ಮಾತ್ರ. ನತ್ತಿಂಗ, ಟಿಟ್ಟಿಭ, ಕರ್ಲ್ಯೂ ಹಕ್ಕಿಗಳು ತೆರೆದ ಬಯಲಿನ ನೆಲದಲ್ಲೇ ಮೊಟ್ಟೆಯಿಡುತ್ತವೆ. ಬ್ರಿಟನ್ನಿನ ಮೂಲದ ಆರೂ ಜಾತಿಯ ಹಾವು, ಹಲ್ಲಿಗಳು ಇಲ್ಲಿವೆ.

ಚಳಿಗಾಲದಲ್ಲಿ ಹುಲ್ಲು ಸತ್ತಾಗ ಪೋನಿಗಳು ಗಾರ್ಸ್ ಎಂಬ ಮುಳ್ಳುಪೊದೆಗೆ ಬಾಯಿ ಹಾಕುತ್ತವೆ. ತುಟಿಯನ್ನು ಹಿಂದಕ್ಕೆ ಮಡಚಿ, ಮುಳ್ಳಿನ ತುದಿಯನ್ನು ಹಲ್ಲಿನಿಂದಲೇ ಹುಷಾರಾಗಿ ಕಚ್ಚಿ ಎಳೆಯುತ್ತವೆ. ಕೆಲವಕ್ಕೆ ಮೇಲ್ತುಟಿಯ ಮೇಲೆ ದಟ್ಟ ಮೀಸೆ ಬೆಳೆದಿರುತ್ತದೆ, ಮುಳ್ಳಿನಿಂದ ಕಾಪಾಡಲೆಂದೇ ಅದು ಬರುತ್ತದೆಂದು ಕಾಮನರ್‌ಗಳ ನಂಬಿಕೆ. ಹೀಗೆ ಕಚ್ಚಿಸಿಕೊಂಡ ಪೊದೆ ಒತ್ತಾಗಿ ಚಿಗುರುತ್ತದೆ, ಡಾರ್ಟ್‌ಫರ್ಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಅಂಥ ಪೊದೆಯಲ್ಲಿ ಗೂಡು ಕಟ್ಟುತ್ತದೆ. ಓಕ್ ಸಸಿಗೂ ಮುಳ್ಳೇ ಕಾವಲು. ಮುಳ್ಳುಕಂಟಿಯ ನಡುವೆ ಮೊಳೆತದ್ದು ಪ್ರಾಣಿಗಳ ಬಾಯಿಗೆ ಸಿಗದಷ್ಟು ಎತ್ತರ ಬೆಳೆದು ಮರವಾಗುತ್ತದೆ. ಮೇಯುವಿಕೆ ಮತ್ತು ಮರ ಎರಡೂ ಒಟ್ಟಿಗೆ ಬಾಳುವ ಈ ಬಗೆಯನ್ನು ಡಚ್ ವಿಜ್ಞಾನಿ ಫ್ರಾನ್ಸ್ ವೆರಾ ವಿವರಿಸುವಾಗ ನ್ಯೂ ಫಾರೆಸ್ಟನ್ನೂ ನಿದರ್ಶನವಾಗಿ ಕೊಟ್ಟಿದ್ದಾರೆ. ಜಾನುವಾರು ಈಗ ಹೆಚ್ಚಾಗಿ ಎಳೆಯ ಮರಗಳು ಏಳುತ್ತಿಲ್ಲ ಎಂದು ದೂರುವ ಪರಿಸರ ತಜ್ಞರೂ ಇದ್ದಾರೆ. ಆ ದೂರನ್ನು ತಳ್ಳಿಹಾಕುವಂತಿಲ್ಲ. ಆದರೆ ಅದರ ಉತ್ತರ ಸಂಖ್ಯೆಯ ಹೊಂದಾಣಿಕೆಯಲ್ಲಿದೆಯೇ ಹೊರತು ದೊಡ್ಡಿಯ ಬಾಗಿಲು ಮುಚ್ಚುವುದರಲ್ಲಿಲ್ಲ.

ಈ ಬಾಗಿಲು ಒಮ್ಮೆ ಮುಚ್ಚಿಯೇ ಹೋಗುವುದರಲ್ಲಿತ್ತು. 1851ರ ಕಾಯ್ದೆಯಲ್ಲಿ ರಾಜಸತ್ತೆ ಜಿಂಕೆಗಳನ್ನು ತೆಗೆಸುವುದಾಗಿ ಹೇಳಿ, ಬದಲಿಗೆ ಹತ್ತು ಸಾವಿರ ಎಕರೆಗೆ ಬೇಲಿ ಹಾಕಿ ಮರ ಬೆಳೆಸುವ ಹಕ್ಕು ಪಡೆಯಿತು. ಹುಲ್ಲುಗಾವಲುಗಳು ಒಂದೊಂದಾಗಿ ನೆಡುತೋಪುಗಳಾಗತೊಡಗಿದವು. 1867ರಲ್ಲಿ ಕಾಡಿನ ಪರವಾಗಿ ಒಂದು ಸಂಘ ಹುಟ್ಟಿತು, ಕಾಮನರ್‌ಗಳೊಂದಿಗೆ ನಿಸರ್ಗಪ್ರಿಯರೂ ದನಿಗೂಡಿಸಿದರು. ಕೊನೆಗೆ 1877ರ ಕಾಯ್ದೆ ಹೊಸ ಬೇಲಿಗಳಿಗೆ ತಡೆಯೊಡ್ಡಿತು. ಹಿಂದೆ ರಾಜನ ಕಾನೂನು ಕಾಯುತ್ತಿದ್ದ ವೆರ್ಡರರ್‌ಗಳ ಕೋರ್ಟು ಕಾಮನರ್‌ಗಳ ಹಿತ ಕಾಯುವ ಕೋರ್ಟಾಗಿ ಮರುಹುಟ್ಟು ಪಡೆದದ್ದು ಆಗಲೇ. 2005ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾದ ಮೇಲೂ ಅದು ಮುಂದುವರಿದಿದೆ.

ಇಂದಿನ ಬೇಲಿ ಬೇರೆ ಬಗೆಯದು. ಚೆಲುವಾದ ಹಳ್ಳಿಗಳಲ್ಲಿ ಹಣವಂತರು ಮನೆ ಕೊಳ್ಳುತ್ತಿದ್ದಾರೆ. ಮನೆಯ ಜೊತೆ ಹಕ್ಕು ಬಂದರೂ ಕುದುರೆ ಕಟ್ಟುವ ಮನಸ್ಸು ಬರುವುದಿಲ್ಲ. ಕಟ್ಟಬಲ್ಲ ಎಳೆಯರಿಗೆ ಅಲ್ಲಿ ಮನೆ ಎಟುಕುವುದಿಲ್ಲ. ಪೋನಿ ಮರಿಯ ಮಾರಾಟದಿಂದ ಸಂಸಾರ ನಡೆಯದು. ಬೆಳಗ್ಗೆ ಜಾನುವಾರು ನೋಡಿಕೊಂಡು ಆಮೇಲೆ ಇನ್ನೊಂದು ಕೆಲಸಕ್ಕೆ ಹೋಗುವವರೇ ಹೆಚ್ಚು. ಅವರು ಮೇಯಿಸುವುದನ್ನು ಬಿಟ್ಟ ದಿನ ಪೊದೆ ಬೆಳೆದು ಬಯಲು ಮುಚ್ಚುತ್ತದೆ, ಬಯಲನ್ನೇ ನಂಬಿದ ಹಕ್ಕಿ, ಹೂಗಳಿಗೆ ನೆಲೆ ತಪ್ಪುತ್ತದೆ.

ನಮ್ಮವರ ನೆನಪೂ ಈ ಕಾಡಿನಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗಾಗಿ ಬ್ರಾಕನ್‌ಹರ್ಸ್ಟ್ ಹಳ್ಳಿಯಲ್ಲಿ ಲೇಡಿ ಹಾರ್ಡಿಂಜ್ ಆಸ್ಪತ್ರೆ ತೆರೆದಿದ್ದರು. ಅಲ್ಲಿನ ಒಂದು ರಸ್ತೆಗೆ ಇಂದಿಗೂ ಮೀರತ್ ಹೆಸರಿದೆ. ಚರ್ಚಿನ ಆವರಣದಲ್ಲಿ ಮೂವರು ಭಾರತೀಯರ ಸಮಾಧಿಗಳಿವೆ.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರು, ಮಕ್ಕಳ ಮನೆಗೆ ಹೋಗುವ ತಂದೆತಾಯಂದಿರು ಈ ಕಾಡಿಗೆ ಹೋಗಿ ಬರಬೇಕು. ಬೇಲಿಯಿಲ್ಲದ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 40 ಮೈಲಿ. ಆದರೂ ಪ್ರತಿವರ್ಷ ಹತ್ತಾರು ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತವೆ. ಹಾಗಾಗಿ ಕತ್ತಲಾದ ಮೇಲೆ ಇನ್ನೂ ನಿಧಾನವಾಗಿ ಕಾರು ಓಡಿಸಿ. ಪೋನಿ ಎಷ್ಟೇ ಸಾಧುವಾಗಿ ಕಂಡರೂ ಮೈದಡವಬೇಡಿ, ಬ್ರೆಡ್ಡು, ಕ್ಯಾರೆಟ್ಟು ಕೊಡಬೇಡಿ. ಅದರಿಂದ ಅವುಗಳ ಹೊಟ್ಟೆ ಕೆಡುತ್ತದೆ, ರಸ್ತೆಬದಿಯ ಚಟ ಹತ್ತುತ್ತದೆ. ಹೀಗೆ ಮಾಡುವುದನ್ನು 2023ರಲ್ಲಿ ದಂಡ ಬೀಳುವ ತಪ್ಪಾಗಿಯೂ ಮಾಡಲಾಯಿತು.