ಹಳೆಯ ಕಾರಿಗೆ ಬೇಕಾದುದು ಶ್ರುತಿಯೋ, ಶಸ್ತ್ರಚಿಕಿತ್ಸೆಯೋ?

ಮುಂಜಾನೆಯ ಹೊತ್ತು. ಧರ್ಮಸ್ಥಳಕ್ಕೆ ಹೊರಡಲು ಮನೆಮಂದಿಯೆಲ್ಲ ಸಿದ್ಧರಾಗಿ ನಿಂತಿದ್ದಾರೆ. ಬುತ್ತಿಯ ಡಬ್ಬಿಗಳು ಹಿಂದಿನ ಸೀಟನ್ನು ಸೇರಿವೆ. ತಂದೆಯ ಕಾಲದಿಂದ ಮನೆಯಲ್ಲಿರುವ ಪದ್ಮಿನಿ ಕಾರು ಮಾತ್ರ ಹೊರಡಲೊಲ್ಲದು. ಚೋಕ್ ಎಳೆದರೂ ಕೆಮ್ಮು, ಬಿಟ್ಟರೂ ಕೆಮ್ಮು! “ಒಂದು ಸಲ ಟ್ಯೂನಿಂಗ್ ಮಾಡಿಸಿ ರಾಯರೇ, ಸರಿಹೋಗುತ್ತದೆ” ಎನ್ನುತ್ತಾರೆ ನೆರೆಮನೆಯವರು. “ದುಡ್ಡು ದಂಡ ಭಾವ, ಎಂಜಿನ್ನೇ ಸವೆದುಹೋಗಿದೆ” ಎಂಬುದು ಭಾವಮೈದುನನ ತೀರ್ಪು. ಯಾರ ಮಾತು ನಿಜ? ಮಕ್ಕಳುಮರಿಯೊಡನೆ ಘಟ್ಟದ ತಿರುವಿನಲ್ಲಿ ನಿಂತುಬಿಡುವ ಮೊದಲೇ ಯಜಮಾನರು ಇದನ್ನು ನಿರ್ಧರಿಸಬೇಕಾಗಿದೆ.

ಟ್ಯೂನಿಂಗ್ ಎಂದರೆ ವೀಣೆಗೆ ಶ್ರುತಿ ಮಾಡಿದಂತೆ. ತಂತಿ ಸಡಿಲವಾಗಿದ್ದರೆ ಬಿರಡೆ ತಿರುಗಿಸಿ ಸರಿಪಡಿಸಬಹುದು. ಕೊಡವೇ ಬಿರಿದಿದ್ದರೆ ಬಿರಡೆ ಏನು ಮಾಡೀತು?

ಪದ್ಮಿನಿಯ 1089 ಸಿ.ಸಿ. ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು. ಪ್ರತಿಯೊಂದರಲ್ಲಿಯೂ ತಕ್ಕ ಕ್ಷಣಕ್ಕೆ ಕಿಡಿ ಹಾರಬೇಕು. ಈ ಕಿಡಿಯ ಕಾಲವನ್ನು ನಿಯಂತ್ರಿಸುವುದು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು. ಇಂಥ ಹಳೆಯ ಕಾರುಗಳಲ್ಲಿ ಅದರ ಅಂತರ ಮಿಲಿಮೀಟರಿನ ಅರ್ಧಕ್ಕಿಂತಲೂ ಕಡಿಮೆ. ಓಡಾಟದಿಂದ ಅದರ ಹಿಮ್ಮಡಿ ಸವೆದಂತೆ ಅಂತರ ಕಿರಿದಾಗಿ, ಕಿಡಿ ತಡವಾಗಿ ಹಾರುತ್ತದೆ. ಏರುದಾರಿಯಲ್ಲಿ ಕಾರು ಸೊರಗುವುದಕ್ಕೆ, ಬೆಳಗ್ಗೆ ಮೊಂಡು ಹಿಡಿಯುವುದಕ್ಕೆ ಇದೊಂದು ಕಾರಣ. ಹೊಗೆ ಕಪ್ಪಾಗಿದ್ದರೆ ಕಾರ್ಬುರೇಟರು ಪೆಟ್ರೋಲನ್ನು ಹೆಚ್ಚಾಗಿ ಕೊಡುತ್ತಿದೆ, ಇಲ್ಲವೇ ಏರ್ ಫಿಲ್ಟರು ಧೂಳಿನಿಂದ ಕಟ್ಟಿಕೊಂಡಿದೆ ಎಂದರ್ಥ. ಇವೆಲ್ಲ ಟ್ಯೂನಿಂಗಿಗೆ ಬಗ್ಗುವ ದೋಷಗಳು.

ಆದರೆ ಹೊಗೆ ನೀಲಿಯಾಗಿದ್ದರೆ? ಆಗ ಉರಿಯುತ್ತಿರುವುದು ಎಂಜಿನ್ ಆಯಿಲು. ಪಿಸ್ಟನ್ನಿನ ರಿಂಗುಗಳೋ ವಾಲ್ವಿನ ಗೈಡುಗಳೋ ಸವೆದಿರಬೇಕು. ಇದಕ್ಕೆ ಟ್ಯೂನಿಂಗ್ ಮದ್ದಲ್ಲ.

ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಅರ್ಧ ಕಥೆ ತಿಳಿಯುತ್ತದೆ. ತುದಿ ತಿಳಿಗಂದು ಬಣ್ಣಕ್ಕಿದ್ದರೆ ಆರೋಗ್ಯ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಅತಿಯಾಗಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ಒಳಗೆ ಸವೆತವಿದೆ. ಸುಟ್ಟು ಬೆಳ್ಳಗಾಗಿದ್ದರೆ ಎಂಜಿನ್ನು ಮಿತಿಮೀರಿ ಕಾಯುತ್ತಿದೆ.

ಉಳಿದರ್ಧವನ್ನು ಕಂಪ್ರೆಷನ್ ಪರೀಕ್ಷೆ ಹೇಳುತ್ತದೆ. ನಾಲ್ಕು ಸಿಲಿಂಡರುಗಳ ಒತ್ತಡವೂ ಹೆಚ್ಚುಕಡಿಮೆ ಸಮನಾಗಿದ್ದು, ತಕ್ಕಷ್ಟಿದ್ದರೆ ಧೈರ್ಯವಾಗಿ ಟ್ಯೂನಿಂಗ್ ಮಾಡಿಸಬಹುದು. ಒಂದರಲ್ಲಿ ಒತ್ತಡ ಕುಸಿದಿದ್ದರೆ ಅದರೊಳಕ್ಕೆ ಒಂದು ಚಮಚ ಎಂಜಿನ್ ಆಯಿಲು ಬಿಟ್ಟು ಮತ್ತೆ ಅಳೆಯುವುದು ಮೇಸ್ತ್ರಿಗಳ ಉಪಾಯ. ಒತ್ತಡ ಏರಿದರೆ ರಿಂಗಿನ ದೋಷ. ಏರದಿದ್ದರೆ ವಾಲ್ವಿನದೋ ಗ್ಯಾಸ್ಕೆಟ್ಟಿನದೋ.

ಪೆಟ್ರೋಲು ಹೆಚ್ಚು ಕುಡಿಯುತ್ತದೆಂದು ಕೂಡಲೇ ಎಂಜಿನ್ನನ್ನು ದೂರುವುದೂ ಸಲ್ಲದು. ಟೈರಿನಲ್ಲಿ ಗಾಳಿ ಕಡಿಮೆಯಾಗಿರಬಹುದು, ಬ್ರೇಕು ಹಿಡಿದುಕೊಂಡಿರಬಹುದು. ಜಾಕ್ ಕೊಟ್ಟು ಚಕ್ರವನ್ನು ಕೈಯಿಂದ ತಿರುಗಿಸಿದರೆ ಸತ್ಯ ಹೊರಬೀಳುತ್ತದೆ.

ಕಾಲ ಬದಲಾದುದನ್ನೂ ಮರೆಯಲಾಗದು. ಭಾರತದಲ್ಲಿ 2000ದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. ಆ ಸೀಸ ಹಳೆಯ ಎಂಜಿನ್ನುಗಳ ವಾಲ್ವ್ ಪೀಠಗಳನ್ನು ಸವೆಯದಂತೆ ಕಾಯುತ್ತಿತ್ತು. 2025ರ ವೇಳೆಗೆ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಯತೊಡಗಿತು. ಅದರಿಂದ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರ್ ಕೊಳವೆಗಳೂ ಪಂಪಿನ ಡಯಾಫ್ರಮ್ಮೂ ಬೇಗ ಶಿಥಿಲವಾಗಬಹುದು. ಪೆಟ್ರೋಲ್ ಜಿನುಗಿದರೆ ಬೆಂಕಿಯ ಭಯ. ಆದುದರಿಂದ ಟ್ಯೂನಿಂಗಿಗೆ ಬಿಟ್ಟಾಗ ಈ ಕೊಳವೆಗಳನ್ನೂ ಪರೀಕ್ಷಿಸಿ, ಎಥನಾಲ್ ತಡೆಯುವಂಥವನ್ನು ಹಾಕಿಸುವುದು ಜಾಣತನ.

ಕೆಲಸಕ್ಕೂ ಒಂದು ಕ್ರಮವುಂಟು. ಮೊದಲು ವಾಲ್ವಿನ ಅಂತರ, ಬಳಿಕ ಪ್ಲಗ್ಗು ಮತ್ತು ಪಾಯಿಂಟು, ಆಮೇಲೆ ಕಿಡಿಯ ಕಾಲ, ಕಟ್ಟಕಡೆಗೆ ಕಾರ್ಬುರೇಟರು. ಬಂದೊಡನೆ ಕಾರ್ಬುರೇಟರಿನ ತಿರುಪಿಗೆ ಕೈಹಾಕುವವನಿಂದ ದೂರವಿರುವುದೇ ಲೇಸು.

“ಮೇಸ್ತ್ರಿಗಳೇ, ಮೊದಲು ಕಂಪ್ರೆಷನ್ ನೋಡಿ, ಆಮೇಲೆ ಟ್ಯೂನಿಂಗಿನ ಮಾತು” — ಯಜಮಾನರು ಇಷ್ಟು ಹೇಳಿದರೆ ಸಾಕು. ನೆರೆಮನೆಯವರು ಗೆಲ್ಲುವರೋ ಭಾವಮೈದುನ ಗೆಲ್ಲುವನೋ, ಅದನ್ನು ಎಂಜಿನ್ನೇ ಹೇಳುತ್ತದೆ. ಧರ್ಮಸ್ಥಳದ ಯಾತ್ರೆ ಒಂದು ವಾರ ತಡವಾದರೂ ಚಿಂತೆಯಿಲ್ಲ. ಹೊರಟ ಕಾರು ಘಟ್ಟ ಇಳಿದು, ಮತ್ತೆ ಘಟ್ಟ ಹತ್ತಿ ಮನೆ ಸೇರಬೇಕಲ್ಲವೇ?